ಚೀಲದ ಮೇಲೆ ‘ಎಂಜೈಮ್’ ಅಂತ ಇದ್ದರೆ ಸಾಕೇ?

ಮಾನ್ಯ ಸಂಪಾದಕರೇ,

ಹಾಲು ಬಿಡಿಸಿದ ಹಂದಿಮರಿಗಳ ಭೇದಿಗೆ ಎಂಜೈಮ್ (ಕಿಣ್ವ) ಪುಡಿಯೇ ಮದ್ದು ಅನ್ನುವಂತೆ ನಿಮ್ಮ ಕೃಷಿ ಪುಟದಲ್ಲಿ ಲೇಖನ ಬಂದಿತ್ತು. ನಾನು ಹಂದಿ ಸಾಕುವವನು, ಮರಿಗಳ ಫೀಡನ್ನೂ ನಾನೇ ಕಲಸುತ್ತೇನೆ. ಅದಕ್ಕೆ ಎಂಜೈಮ್ ಹಾಕುತ್ತೇನೆ ಕೂಡ. ಆದರೆ ಅದು ಮದ್ದಲ್ಲ. ತಿಂದದ್ದು ಅರಗಲು ಒಂದು ನೆರವು, ಅಷ್ಟೇ. ಭೇದಿ ಶುರುವಾದ ಮೇಲೆ ಪುಡಿ ಜಾಸ್ತಿ ಸುರಿದು ಕಾದರೆ ಮರಿ ಒಣಗಿ ಸಾಯುತ್ತದೆ. ಆಗ ಬೇಕಾದದ್ದು ನೀರು, ಲವಣ ಮತ್ತು ಪಶುವೈದ್ಯರು.

ಮೂರು-ನಾಲ್ಕು ವಾರದ ಮರಿಗೆ ಹಾಲಿನ ಸಕ್ಕರೆ ಸಲೀಸಾಗಿ ಅರಗುತ್ತದೆ. ಕಾಳಿನ ಪಿಷ್ಟ ಅರಗಿಸುವ ಶಕ್ತಿ ನಿಧಾನವಾಗಿ ಬೆಳೆಯುತ್ತದೆ. ಹೊಟ್ಟೆಯ ಆಮ್ಲವೂ ಇನ್ನೂ ಕಡಿಮೆ. ಅಂಥ ಹೊತ್ತಿನಲ್ಲಿ ತಾಯಿಯಿಂದ ಬೇರೆ ಮಾಡಿ, ಗುರುತಿಲ್ಲದ ಮರಿಗಳ ಜೊತೆ ಬಿಟ್ಟು, ಒಣ ಫೀಡ್ ಮುಂದಿಡುತ್ತೇವೆ. ಎಷ್ಟೋ ಮರಿಗಳು ಮೊದಲ ದಿನ ಬಾಯಿಯೇ ಹಾಕುವುದಿಲ್ಲ. ಹೊಟ್ಟೆ ಖಾಲಿ ಬಿದ್ದರೆ ಸಣ್ಣ ಕರುಳಿನ ಒಳಗಿನ, ಆಹಾರದ ಸತ್ವ ಹೀರುವ ಎಳೆಗಳು ಕೆಲವೇ ದಿನಗಳಲ್ಲಿ ಮೊಂಡಾಗುತ್ತವೆ. ಆಮೇಲೆ ಗಬಗಬ ತಿಂದರೂ ಅರಗುವುದಿಲ್ಲ. ಅರಗದೆ ಕೆಳಗಿಳಿದ ಪ್ರೋಟೀನ್ ಇ. ಕೋಲಿಯಂಥ ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಹಬ್ಬ. ತಿನ್ನದ ಮರಿಗೆ ಫೀಡಿನಲ್ಲಿ ಎಂಥ ಎಂಜೈಮ್ ಇದ್ದರೇನು ಬಂತು? ಅದಕ್ಕೇ ನಾನು ಮೊದಲು ನೋಡುವುದು ಬೆಚ್ಚಗಿನ, ಒಣ ನೆಲ ಮತ್ತು ಸರಾಗವಾಗಿ ಬರುವ ನೀರು. ಜೊತೆಗೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಗಂಜಿಯಂತೆ ಕಲಸಿದ ಫೀಡ್.

ಇನ್ನು ಎಂಜೈಮಿನ ವಿಷಯ. ಒಂದೊಂದಕ್ಕೆ ಒಂದೊಂದು ಕೆಲಸ. ಗೋಧಿ ಜಾಸ್ತಿ ಇರುವ ಫೀಡಿಗೆ ಕ್ಸೈಲನೇಸ್, ಬಾರ್ಲಿ ಇದ್ದರೆ ಬೀಟಾ ಗ್ಲುಕನೇಸ್. ಇವು ಒಡೆಯುವ ನಾರನ್ನು ಹಂದಿಯ ಸ್ವಂತ ಜೀರ್ಣರಸ ಒಡೆಯಲಾರದು. ಸೋಯಾ ಹಿಂಡಿಯ ಪ್ರೋಟೀನಿಗೆ ಪ್ರೋಟಿಯೇಸ್. ಕಾಳು-ಹಿಂಡಿಯಲ್ಲಿರುವ ರಂಜಕದ ಸುಮಾರು ಮೂರರಲ್ಲಿ ಎರಡು ಭಾಗ ಫೈಟೇಟ್ ರೂಪದಲ್ಲಿ ಸಿಕ್ಕಿಕೊಂಡಿರುತ್ತದೆ. ಅದನ್ನು ಬಿಡಿಸುವುದು ಫೈಟೇಸ್. ಇಲ್ಲದಿದ್ದರೆ ಕಾಸು ಕೊಟ್ಟ ರಂಜಕ ಸೀದಾ ಗೊಬ್ಬರದ ಗುಂಡಿಗೆ. ಫೈಟೇಸ್ ಹಾಕಿದೆವು ಅಂತ, ಕ್ಯಾಲ್ಸಿಯಂಗೆಂದು ಬೆರೆಸುವ ಸುಣ್ಣಕಲ್ಲಿನ ಪುಡಿಯನ್ನು ಮನಸ್ಸಿಗೆ ಬಂದಷ್ಟು ಹಾಕುವಂತಿಲ್ಲ. ಅದು ಹೊಟ್ಟೆಯ ಆಮ್ಲವನ್ನೂ ತಗ್ಗಿಸುತ್ತದೆ, ಫೈಟೇಸಿನ ಕೆಲಸವನ್ನೂ ಕೆಡಿಸುತ್ತದೆ. ಬಾರ್ಲಿಯೇ ಇಲ್ಲದ ಫೀಡಿಗೆ ಬಾರ್ಲಿಯ ಎಂಜೈಮ್ ಹಾಕುವವರೂ ಇದ್ದಾರೆ. ಚೀಲದ ಮೇಲೆ ಚೆಂದದ ಮರಿಯ ಚಿತ್ರ ಇತ್ತಲ್ಲ, ಅದಕ್ಕೆ!

ಈ ಪುಡಿಗಳ ಮಾತು ಈಗ ಜೋರಾಗಿರುವುದಕ್ಕೆ ಕಾರಣ ಇದೆ. ಬೆಳವಣಿಗೆಗೆಂದು ಫೀಡಿಗೆ ಆಂಟಿಬಯೋಟಿಕ್ ಹಾಕುವುದನ್ನು ಯುರೋಪಿಯನ್ ಒಕ್ಕೂಟ 2006ರಲ್ಲಿ ನಿಲ್ಲಿಸಿತು. ಮರಿಗಳ ಭೇದಿಗೆ ಮದ್ದಿನ ಪ್ರಮಾಣದಲ್ಲಿ ಕೊಡುತ್ತಿದ್ದ ಜಿಂಕ್ ಆಕ್ಸೈಡ್ ಕೂಡ ಅಲ್ಲಿ 2022ರಲ್ಲಿ ಹೋಯಿತು. ಒಳ್ಳೆಯದೇ ಆಯಿತು. ಆದರೆ ಖಾಲಿಯಾದ ಆ ಜಾಗದಲ್ಲಿ ಎಂಜೈಮನ್ನು ಕೂರಿಸಿ ಮಾರುವುದು ಸರಿಯಲ್ಲ. ಎಂಜೈಮ್ ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ. ಅವುಗಳ ಬಾಯಿಗೆ ಬೀಳುವ ಎಂಜಲು ಕಡಿಮೆ ಮಾಡಬಹುದು, ಅಷ್ಟೇ.

ಲೇಖನ ಪೂರ್ತಿ ಬಿಟ್ಟದ್ದು ಬಿಸಿಯ ಸಂಗತಿ. ಪೆಲೆಟ್ (ಒತ್ತಿ ಮಾಡಿದ ಗುಳಿಗೆ) ಮಾಡುವಾಗ ಫೀಡ್ 80-90 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ಮೇಲೆ ರಕ್ಷಣೆಯ ಲೇಪ ಇಲ್ಲದ ಎಂಜೈಮ್‌ಗಳು ಬಹಳಷ್ಟು ಅಲ್ಲೇ ಕೆಟ್ಟುಹೋಗುತ್ತವೆ. ಬಿಸಿ ತಾಳುವ ಬಗೆ ಕೊಳ್ಳಬೇಕು, ಇಲ್ಲವೇ ಪೆಲೆಟ್ ಆರಿದ ಮೇಲೆ ದ್ರವ ರೂಪದಲ್ಲಿ ಸಿಂಪಡಿಸಬೇಕು. ನನ್ನಂತೆ ಪುಡಿ ಫೀಡ್ ಕಲಸುವವರಿಗೆ ಈ ತಾಪತ್ರಯ ಇಲ್ಲ. ಅವರಿಗೆ ಬೇರೆ ಕಷ್ಟ: ಟನ್ ಫೀಡಿಗೆ ಹಾಕುವ ಪುಡಿ ಕೆಲವು ನೂರು ಗ್ರಾಂ ಮಾತ್ರ ಇರಬಹುದು. ಅದನ್ನು ಮೊದಲು ಕೆಲವು ಕಿಲೋ ಹಿಟ್ಟಿನಲ್ಲಿ ಚೆನ್ನಾಗಿ ಬೆರೆಸಿ, ಆಮೇಲೆ ದೊಡ್ಡ ರಾಶಿಗೆ ಸೇರಿಸಬೇಕು. ಸುಮ್ನೆ ಮೇಲೆ ಉದುರಿಸಿದರೆ ಒಂದು ಮರಿಗೆ ಸಿಕ್ಕಿದ್ದು ಇನ್ನೊಂದಕ್ಕೆ ಸಿಗುವುದಿಲ್ಲ.

ಮುಂದಿನ ಸಲ ಈ ವಿಷಯ ಬರೆಸುವಾಗ ಲೇಬಲ್ ಓದುವ ಬಗೆಯನ್ನೂ ಹೇಳಿಸಿ. ಯಾವ ಎಂಜೈಮ್, ಗ್ರಾಂಗೆ ಎಷ್ಟು ಯೂನಿಟ್ (ಅದರ ಶಕ್ತಿಯ ಅಳತೆ), ಎಷ್ಟು ಬಿಸಿ ತಾಳುತ್ತದೆ, ಅವಧಿ ಎಂದು ಮುಗಿಯುತ್ತದೆ. ಇಷ್ಟೂ ಬರೆಯದ ಚೀಲವನ್ನು ನಾನಂತೂ ಕೊಳ್ಳುವುದಿಲ್ಲ.

ಇತಿ,
ಹಂದಿ ಸಾಕುವ ಒಬ್ಬ ಓದುಗ