ಕಾರಿಗಿಂತ ಮೊದಲು ಜಾಗ: ಮಗಳಿಗೊಂದು ಪತ್ರ

ಮೈಸೂರು

ಪ್ರೀತಿಯ ಪುಟ್ಟಿ,

ಕಾರು ಕೊಳ್ಳಬೇಕೆಂದಿದ್ದೇನೆ, ಯಾವ ಬಣ್ಣ ಚೆನ್ನಾಗಿರುತ್ತದೆ ಹೇಳಮ್ಮ ಎಂದು ಮೊನ್ನೆ ನೀನು ಫೋನಿನಲ್ಲಿ ಕೇಳಿದಾಗ ನಾನು ಸುಮ್ಮನಾದೆ. ನಿನಗೆ ಬೇಸರವಾಗಿದ್ದು ಧ್ವನಿಯಲ್ಲೇ ತಿಳಿಯಿತು. ಬಣ್ಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದು ನನ್ನ ಬಾಯಿಗೆ ಬಂದಿತ್ತು. ಆಗಲೇ ಕೇಳಿದ್ದರೆ ಶುಭಕಾರ್ಯಕ್ಕೆ ಅಮ್ಮ ಅಡ್ಡಗಾಲು ಹಾಕಿದಳು ಎನ್ನುತ್ತಿದ್ದೆ. ಆದ್ದರಿಂದ ಬರೆದು ಕೇಳುತ್ತಿದ್ದೇನೆ. ಆ ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ?

ಬಿ.ಟಿ.ಎಂ. ಲೇಔಟಿನ ನಿಮ್ಮ ಕಟ್ಟಡವನ್ನು ನಾನು ನೋಡಿದ್ದೇನೆ. ಮೂವತ್ತು-ನಲವತ್ತರ ಸೈಟು, ನಾಲ್ಕು ಅಂತಸ್ತು, ಆರು ಸಂಸಾರ. ಕೆಳಗೆ ಕಂಬಗಳ ನಡುವೆ ಎರಡು ಕಾರು ಹಿಡಿಸುತ್ತವೆ. ಒಂದು ಮಾಲೀಕರದು, ಇನ್ನೊಂದು ಎರಡನೆಯ ಮಹಡಿಯವರದು. ಉಳಿದ ಜಾಗದಲ್ಲಿ ಸ್ಕೂಟರುಗಳಿವೆ, ಸಂಪಿನ ಮುಚ್ಚಳವಿದೆ. ಅದರ ಮೇಲೆ ಕಾರು ನಿಲ್ಲಿಸಿದರೆ ಟ್ಯಾಂಕರ್ ಬಂದ ದಿನ ಇಡೀ ಕಟ್ಟಡದವರು ನಿನ್ನ ಬಾಗಿಲು ತಟ್ಟುತ್ತಾರೆ. ಸಣ್ಣ ಕಾರಿಗೂ, ಬಾಗಿಲು ತೆರೆದು ಇಳಿಯುವ ಜಾಗ ಸೇರಿಸಿದರೆ, 8 ಅಡಿಗೆ 16 ಅಡಿ ಬೇಕು, ಅಂದರೆ 128 ಚದರ ಅಡಿ. ನೀನು ಮಲಗುವ ಕೋಣೆ ಹತ್ತಕ್ಕೆ ಹನ್ನೆರಡರದು. ಕಾರಿನ ಕೋಣೆ ಅದಕ್ಕಿಂತ ದೊಡ್ಡದಾಯಿತು, ಮತ್ತು ಆ ಕೋಣೆಗೆ ನೀನಿನ್ನೂ ಬಾಡಿಗೆ ಗೊತ್ತುಮಾಡಿಲ್ಲ.

ಬೀದಿಯಲ್ಲಿ ನಿಲ್ಲಿಸಿದರಾಯಿತು ಎನ್ನುತ್ತೀಯೆ. ಹನುಮಂತನಗರದ ಇಳಿಜಾರಿನ ಬೀದಿಯಲ್ಲಿ ನಾನು ಆರು ವರ್ಷ ಮಾರುತಿ 800 ನಿಲ್ಲಿಸಿದವಳು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಚಕ್ರವನ್ನು ಚರಂಡಿಯ ಕಡೆಗೆ ತಿರುಗಿಸಿ, ಗೇರಿನಲ್ಲಿ ಬಿಟ್ಟು ಇಳಿಯುತ್ತಿದ್ದೆ. ಕಷ್ಟ ಅದಾಗಿರಲಿಲ್ಲ. ಒಮ್ಮೆ ಸಿಕ್ಕ ಜಾಗವನ್ನು ಬಿಟ್ಟು ಹೊರಡುವುದೇ ಕಷ್ಟವಾಗಿತ್ತು. ಭಾನುವಾರ ಸಂಜೆ ಎಲ್ಲಿಗಾದರೂ ಹೋದರೆ ಹಿಂತಿರುಗುವಷ್ಟರಲ್ಲಿ ಅಲ್ಲಿ ಬೇರೆಯವರ ಗಾಡಿ ನಿಂತಿರುತ್ತಿತ್ತು; ಆ ಭಯಕ್ಕೆ ಸ್ವಂತ ಕಾರನ್ನು ಮನೆಯ ಮುಂದೆ ಬಿಟ್ಟು, ರೇಷ್ಮೆ ಸೀರೆಯುಟ್ಟು ಆಟೋದಲ್ಲಿ ಮದುವೆಗೆ ಹೋದದ್ದುಂಟು. ಕೊನೆಗೆ ನಾನೂ ಎಲ್ಲರಂತೆ ಹಳೆಯ ಬಣ್ಣದ ಡಬ್ಬಿಗೆ ಮಣ್ಣು ತುಂಬಿ ಜಾಗ ಕಾಯಲು ಇಟ್ಟೆ. ಸಾರ್ವಜನಿಕ ರಸ್ತೆಯನ್ನು ಹಾಗೆ ಹಿಡಿದಿಟ್ಟುಕೊಳ್ಳುವ ಹಕ್ಕು ನನಗಿರಲಿಲ್ಲ. ಎದುರು ಮನೆಯವರು ತಮ್ಮ ಗೇಟಿಗೆ "ಇಲ್ಲಿ ವಾಹನ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು" ಎಂಬ ಹಲಗೆ ತಗುಲಿಸಿದಾಗ ಸಿಟ್ಟಾದ ನಾನು ಆ ಡಬ್ಬಿಯನ್ನು ಮಾತ್ರ ನ್ಯಾಯವೆಂದೇ ತಿಳಿದಿದ್ದೆ.

ಜಪಾನಿನಲ್ಲಿ 1962ರಷ್ಟು ಹಿಂದೆಯೇ ಇದಕ್ಕೊಂದು ಕಾನೂನು ಬಂದಿದೆ. ಅಲ್ಲಿನ ನಗರಗಳಲ್ಲಿ ಕಾರು ಕೊಳ್ಳುವವರು ಮನೆಯಿಂದ ಎರಡು ಕಿಲೋಮೀಟರ್ ಒಳಗೆ ತಮಗೆ ನಿಲುಗಡೆಯ ಜಾಗವಿದೆಯೆಂದು ಪೊಲೀಸರಿಂದ ಪ್ರಮಾಣಪತ್ರ ಪಡೆಯಬೇಕು. ನಮ್ಮಲ್ಲೂ ಆ ಮಾತು ಆಗಾಗ ಎದ್ದು ತಣ್ಣಗಾಗುತ್ತದೆ. ಬೆಂಗಳೂರಿಗಾಗಿ 2021ರಲ್ಲಿ ಒಪ್ಪಿಗೆ ಪಡೆದ ಪಾರ್ಕಿಂಗ್ ನೀತಿಯಲ್ಲಿ ಮನೆಯ ಮುಂದಿನ ರಸ್ತೆಯಲ್ಲಿ ನಿಲ್ಲಿಸಲು ಕಾರಿನ ಗಾತ್ರಕ್ಕೆ ತಕ್ಕಂತೆ ವರ್ಷಕ್ಕೆ 1,000ದಿಂದ 5,000 ರೂಪಾಯಿಯ ಪರವಾನಗಿಯ ಪ್ರಸ್ತಾವವಿತ್ತು. ಅದು ನಿಮ್ಮ ಬೀದಿಗೆ ಬರುವವರೆಗೂ ರಸ್ತೆ ಮೊದಲು ಬಂದವರದು. ಈಗ ಪುಕ್ಕಟೆ ಸಿಗುತ್ತಿದೆಯೆಂದು ಮುಂದೆಯೂ ಹಾಗೇ ಸಿಗುತ್ತದೆಂದು ಲೆಕ್ಕ ಹಾಕಬೇಡ. ಐದರಿಂದ ಹತ್ತು ಲಕ್ಷದ ಪೆಟ್ರೋಲ್ ಕಾರಿಗೆ ನಮ್ಮ ರಾಜ್ಯದಲ್ಲಿ ಶೇಕಡ 14ರಷ್ಟು ಆಜೀವ ತೆರಿಗೆ ಕಟ್ಟುತ್ತೀಯೆ, ನಿಜ. ಆ ರಸೀದಿ ಕಾರನ್ನು ಓಡಿಸುವುದಕ್ಕೇ ಹೊರತು ರಸ್ತೆಯಲ್ಲಿ ಅದಕ್ಕೊಂದು ಮನೆ ಮಾಡಿಕೊಡುವುದಕ್ಕಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿರುವುದು ಇನ್ನೊಂದು ಸಂಗತಿ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ನೀನು ಎಲೆಕ್ಟ್ರಾನಿಕ್ ಸಿಟಿಗೆ ಮೆಟ್ರೋದಲ್ಲೇ ಹೋಗುತ್ತಿದ್ದೀಯೆ, ಅದನ್ನು ಬಿಡುವುದಿಲ್ಲವೆಂದೂ ಹೇಳಿದೆ. ಹಾಗಾದರೆ ಈ ಕಾರು ವಾರದಲ್ಲಿ ಐದು ದಿನ ನಿಂತೇ ಇರುತ್ತದೆ, ಮತ್ತು ಓಡುವ ಕಾರಿಗಿಂತ ನಿಂತ ಕಾರಿಗೆ ಕಾಯಿಲೆ ಹೆಚ್ಚು. ಬ್ಯಾಟರಿ ಇಳಿಯುತ್ತದೆ, ನಿಂತಲ್ಲೇ ಐದು ನಿಮಿಷ ಎಂಜಿನ್ ಓಡಿಸಿದರೆ ಸಾಲದು, ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಬೇಕು. ಬಾನೆಟ್ಟಿನ ಬೆಚ್ಚಗಿನ ಜಾಗಕ್ಕೆ ಇಲಿ ಸೇರಿ ವೈರು ಕಡಿಯುತ್ತದೆ. ತಂಬಾಕಿನ ಎಲೆ, ನುಸಿಗುಳಿಗೆ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎರಡನ್ನೂ ಇಟ್ಟು ನೋಡಿದವಳು ನಾನು, ಗಾಡಿ ಆಗಾಗ ಕದಲುತ್ತಿದ್ದರೆ ಮಾತ್ರ ಇಲಿ ದೂರ ಉಳಿಯಿತು. ಮಳೆಗಾಲದಲ್ಲಿ ಬಾನೆಟ್ಟಿನ ಮೇಲೆ ಎರಡು ಬಾರಿ ತಟ್ಟಿ ಚಾಲೂ ಮಾಡು, ಒಳಗೆ ಬೆಕ್ಕು ಮಲಗಿರುವುದುಂಟು. ಹ್ಯಾಂಡ್‌ಬ್ರೇಕನ್ನು ವಾರಗಟ್ಟಲೆ ಎಳೆದಿಟ್ಟರೆ ಹಿಡಿದುಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡುವುದೇ ಮೇಲು.

ಮರದ ನೆರಳೆಂದು ಕಣ್ಣುಮುಚ್ಚಿ ನಿಲ್ಲಿಸಬೇಡ. ಹೊಂಗೆಯ ಕೆಳಗೆ ಚೈತ್ರದಲ್ಲಿ ಕಾರಿನ ಮೇಲೆ ಹೂವಿನ ಹಾಸಿಗೆಯೇ ಬೀಳುತ್ತದೆ. ನೋಡಲು ಚೆಂದ, ಆದರೆ ಮುಂಗಾಜಿನ ಬುಡದ ಜಾಲರಿಯಲ್ಲಿ ಹೂವು ಸೇರಿ ನೀರು ಹರಿಯುವ ದಾರಿ ಮುಚ್ಚಿದರೆ ಮೊದಲ ಮಳೆ ಕಾರಿನೊಳಗೇ ಇಳಿಯುತ್ತದೆ. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಗುಲ್‌ಮೊಹರಿನ ಕೊಂಬೆ ಮುರಿದು ಬೀಳುವುದನ್ನು ನೀನೇ ಕಂಡಿದ್ದೀಯೆ. ಕಡ್ಡಾಯದ ಥರ್ಡ್ ಪಾರ್ಟಿ ವಿಮೆ ಆ ನಷ್ಟಕ್ಕೆ ಬಿಡಿಗಾಸೂ ಕೊಡುವುದಿಲ್ಲ, ಸಮಗ್ರ ವಿಮೆಯೇ ಬೇಕು. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಎಷ್ಟೋ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದವು. ಹಾಗೆ ನೀರು ನುಗ್ಗಿದ ಗಾಡಿಯನ್ನು ಒಮ್ಮೆ ಚಾಲೂ ಮಾಡಿ ನೋಡೋಣ ಎಂದು ಕೀಲಿ ತಿರುಗಿಸಲೇಬೇಡ; ಎಂಜಿನ್ನಿನೊಳಗೆ ನೀರು ಎಳೆದುಕೊಂಡು ಆಗುವ ಹಾನಿಯನ್ನು ಸಾಧಾರಣ ಪಾಲಿಸಿ ಭರಿಸುವುದಿಲ್ಲ, ಅದಕ್ಕೆಂದೇ ಬೇರೆ ರಕ್ಷಣೆ ಸೇರಿಸಿಕೊಳ್ಳಬೇಕು.

ಕಾರು ಬೇಡವೆಂದು ಇಷ್ಟೆಲ್ಲ ಹೇಳುತ್ತಿಲ್ಲ. ನಿಮ್ಮ ಅಡ್ಡರಸ್ತೆಯ ತಿರುವಿನಲ್ಲಿ ಹಳೆಯ ಒಂಟಿಮನೆಯೊಂದಿದೆ. ಪೋರ್ಟಿಕೋ ಖಾಲಿ, ಅಜ್ಜಿಯೊಬ್ಬರು ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಶೋರೂಮಿಗೆ ಹೋಗುವ ಮೊದಲು ಅವರಲ್ಲಿಗೆ ಹೋಗಿ ತಿಂಗಳ ಬಾಡಿಗೆಗೆ ಕೊಡುತ್ತಾರೆಯೇ ಎಂದು ವಿಚಾರಿಸು. ಒಪ್ಪಿದರೆ ಯಾವ ಹೊತ್ತಿನಲ್ಲಿ ಗೇಟು ತೆರೆಯಬಹುದು, ಕೀಲಿ ಯಾರ ಬಳಿ ಇರಬೇಕು, ಹಬ್ಬಕ್ಕೆ ಅವರ ಮಕ್ಕಳು ಕಾರಿನಲ್ಲಿ ಬಂದರೆ ನಿನ್ನದು ಎಲ್ಲಿಗೆ ಹೋಗಬೇಕು ಎಂಬುದನ್ನೆಲ್ಲ ಮೊದಲೇ ಮಾತಾಡಿ ಒಂದು ಕಾಗದದಲ್ಲಿ ಬರೆದುಕೊಳ್ಳಿ. ಮುಂದೆ ಮನೆ ಬದಲಿಸಿದರೆ ಬಾಡಿಗೆ ಕರಾರಿನಲ್ಲೇ ಪಾರ್ಕಿಂಗ್ ಎಂದಷ್ಟೇ ಬರೆಸದೆ, ಯಾವ ಕಂಬದಿಂದ ಯಾವ ಕಂಬದವರೆಗೆ ಎಂಬುದನ್ನೂ ಬರೆಸು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಾಗದಪತ್ರ ನೋಡಿದವಳ ಚಾಳಿ ಎಂದು ನಗಬೇಡ.

ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ, ಅಳತೆ ಟೇಪು ತರುತ್ತೇನೆ. ಅಜ್ಜಿಯ ಗೇಟು ನನ್ನ ಕಣ್ಣಂದಾಜಿಗೆ ಆರೂವರೆ ಅಡಿ ಅಗಲವಿದೆ. ಕನ್ನಡಿಗಳನ್ನು ಮಡಚಿದರೆ ಸಣ್ಣ ಕಾರು ದಾಟೀತು, ನೀನು ಚಿತ್ರ ಕಳಿಸಿದ ಆ ಎತ್ತರದ ಗಾಡಿ ಸಲೀಸಾಗಿ ದಾಟುವುದು ಅನುಮಾನ. ಬಣ್ಣದ ಮಾತು ಕೇಳಿದ್ದೆಯಲ್ಲ, ಕಪ್ಪು ಬೇಡ. ಆ ಪೋರ್ಟಿಕೋದ ಪಕ್ಕದಲ್ಲೇ ಹೊಂಗೆ ಮರವಿದೆ.

ಇಂತಿ,
ನಿನ್ನ ಅಮ್ಮ