ಕಾಲ್ಗುಣದ ಲೆಕ್ಕ

ಚಿ. ಸೌ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಾಲಿಟ್ಟ ಮೇಲೆಯೇ ಅಂಗಡಿ ಮುಳುಗಿತು ಎಂದು ನಿಮ್ಮತ್ತೆ ಅಂದರಂತೆ. ಅತ್ತು ಅತ್ತು ಈಗ ಬಳೆ ಅಡ ಇಡಲು ಹೊರಟಿದ್ದೀಯ. ಸ್ವಲ್ಪ ತಡಿ.

ಹೋದ ವರ್ಷ ರತ್ನಾಗಿರಿಗೆ ಹೋಗಿದ್ದೆನಲ್ಲ, ಅಲ್ಲಿ ಬರ್ಮಾದ ಕೊನೆಯ ರಾಜ ಥೀಬಾನನ್ನು ಇಂಗ್ಲಿಷರು ಗಡೀಪಾರು ಮಾಡಿ ಇಟ್ಟಿದ್ದ ಬಂಗಲೆ ನೋಡಿದೆ. ಕೆಂಪು ಗೋಡೆ, ಕಮಾನಿನ ಮರದ ಕಿಟಕಿ, ಆಚೆ ಸಮುದ್ರ. ಅವತ್ತಿನಿಂದ ಅವನ ರಾಣಿ ಸುಫಯಾಲಾತ್ ನನ್ನ ತಲೆ ಬಿಟ್ಟು ಹೋಗಿಲ್ಲ. ರಾಜ್ಯ ಹೋದದ್ದು ಅವಳಿಂದಲೇ ಎನ್ನುವವರು ಇವತ್ತಿಗೂ ಇದ್ದಾರೆ. ತಾರೀಖು ನೋಡು: ಬರ್ಮಾದ ಕರಾವಳಿ ಸೀಮೆಗಳಾದ ಅರಕಾನ್, ತೆನಾಸೆರಿಂ 1826ರಲ್ಲೇ ಇಂಗ್ಲಿಷರ ಪಾಲಾಗಿದ್ದವು. 1852ರಲ್ಲಿ ರಂಗೂನೂ ಹೋಯಿತು, ಕಡಲಿನ ದಾರಿಯೂ ಹೋಯಿತು. ಅವಳು ಹುಟ್ಟಿದ್ದೇ 1859ರಲ್ಲಿ!

ಹಾಗಂತ ಅವಳೇನೂ ಸಾಧು ಅಲ್ಲ. 1879ರಲ್ಲಿ ಗಂಡನ ದಾಯಾದಿಗಳನ್ನು, ಹೆಂಗಸರು ಮಕ್ಕಳೆನ್ನದೆ, ಸುಮಾರು 80 ಜನರನ್ನು ಕೊಲ್ಲಿಸಿದರು. ಅದರಲ್ಲಿ ಇವಳ ಪಾಲೆಷ್ಟು, ತಾಯಿಯ ಪಾಲೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. 1885ರಲ್ಲಿ ತಮ್ಮ ತೇಗದ ಕಂಪನಿಯೊಂದಕ್ಕೆ ಬರ್ಮಾದವರು ಹಾಕಿದ ದಂಡದ ನೆಪ ಮಾಡಿಕೊಂಡು ಇಂಗ್ಲಿಷರು ಗಡುವು ಕೊಟ್ಟರು. ಹಿರಿಯ ಮಂತ್ರಿ ಕಿನ್‌ವುನ್ ಮಿಂಜಿ ಯುದ್ಧ ಬೇಡ ಎಂದ. ರಾಣಿ ಅವನನ್ನು ಹೀಯಾಳಿಸಿ ಬಾಯಿ ಮುಚ್ಚಿಸಿದಳಂತೆ. ಎರಡೇ ವಾರದಲ್ಲಿ ಎಲ್ಲ ಮುಗಿಯಿತು. ಗಂಡ ಹೆಂಡತಿಯನ್ನು ಎತ್ತಿನ ಗಾಡಿಯಲ್ಲಿ ಕೂರಿಸಿ, ರಾಜಧಾನಿ ಮಂಡಾಲೆಯ ಜನ ನೋಡುತ್ತಿದ್ದ ಹಾಗೇ ಹಡಗಿಗೆ ಕರೆದೊಯ್ದರು.

ನಿಮ್ಮ ಹಳೇ ಗುಮಾಸ್ತರು ಸಾಲದ ಮಾತೆತ್ತಿದಾಗ ನೀನೂ ಸಿಡುಕಿದೆಯಂತೆ. ಕಾಲ್ಗುಣ ನಿನ್ನ ತಪ್ಪಲ್ಲ. ಇದು ನಿನ್ನದೇ.

ಇನ್ನು ಬಳೆ. ರತ್ನಾಗಿರಿಯಲ್ಲಿ ಸರ್ಕಾರ ಕೊಡುವ ಪಿಂಚಣಿ ಆ ಮನೆಗೆ ಸಾಲುತ್ತಿರಲಿಲ್ಲ, ಅರಮನೆಯ ಖರ್ಚಿನ ಕೈ ಮಾತ್ರ ಹಿಡಿತಕ್ಕೆ ಬರಲಿಲ್ಲ. ಮಂಡಾಲೆಯಿಂದ ತಂದ ಒಡವೆಗಳು ಒಂದೊಂದಾಗಿ ಊರ ಸಾಹುಕಾರರ ಪೆಟ್ಟಿಗೆ ಸೇರಿದವು, ಅದೂ ಸಿಕ್ಕಷ್ಟಕ್ಕೆ. ಸಾಲ ತೀರಲೇ ಇಲ್ಲ. ಥೀಬಾ 1916ರಲ್ಲಿ ಅಲ್ಲೇ ಸತ್ತ. ಅವಳು 1919ರಲ್ಲಿ ರಂಗೂನಿಗೆ ಮರಳಿದಳು, ಆರು ವರ್ಷ ಬದುಕಿದಳು.

ಗುಮಾಸ್ತರನ್ನು ನೀನೇ ಕರೆದು ಕಾಫಿ ಕೊಡು. ಲೆಕ್ಕದ ಪುಸ್ತಕ ತರಿಸು. ಯಾವ ಸಾಲ ಯಾವ ತಾರೀಖಿನದು, ಬಡ್ಡಿ ಎಷ್ಟು, ಎಲ್ಲ ಬರೆದುಕೋ. ನಿನ್ನ ಮದುವೆಗಿಂತ ಹಿಂದಿನ ಪುಟ ಸಿಕ್ಕರೆ ಅತ್ತೆಯ ಮುಂದೆ ಸುಮ್ನೆ ತೆರೆದಿಡು, ಜಾಸ್ತಿ ಮಾತು ಬೇಡ. ಭಾನುವಾರ ಬೆಳಗಿನ ಬಸ್ಸಿಗೆ ನಾನೂ ಬರುತ್ತೇನೆ. ಅಲ್ಲಿಯವರೆಗೆ ಬಳೆ ಕೈಯಲ್ಲೇ ಇರಲಿ.

ಇಂತಿ,
ನಿನ್ನ ದೊಡ್ಡಮ್ಮ