ಕ್ಯಾಸೆಟ್ಟುಗಳನ್ನು ಗುಜರಿಗೆ ಕೊಡಬೇಡಿ ಅಪ್ಪ

ಐಂಡ್‌ಹೋವೆನ್, ನೆದರ್ಲೆಂಡ್ಸ್

ಪ್ರೀತಿಯ ಅಪ್ಪನಿಗೆ,

ನಮಸ್ಕಾರ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಚಳಿ ಶುರುವಾಗಿದೆ, ಸಂಜೆ ಐದಕ್ಕೇ ಕತ್ತಲು. ಅಮ್ಮನ ಮಂಡಿನೋವಿಗೆ ಹೊಸ ಮಾತ್ರೆ ಒಗ್ಗಿದೆಯಂತೆ, ಕೇಳಿ ಸಮಾಧಾನ ಆಯಿತು.

ಮನೆಗೆ ಬಣ್ಣ ಹೊಡೆಸುವುದಕ್ಕೆ ಅಟ್ಟ ಖಾಲಿ ಮಾಡಿಸುತ್ತಿದ್ದೀರಂತೆ. ಕ್ಯಾಸೆಟ್ ಡಬ್ಬಗಳನ್ನೆಲ್ಲ ಗುಜರಿಯವನಿಗೆ ಕೊಡುವುದು ಅಂತ ಮಾತಾಗಿದೆ ಎಂದು ಅಮ್ಮ ಹೇಳಿದಳು. "ಎಲ್ಲಾ ಫೋನಲ್ಲೇ ಸಿಗುತ್ತೆ, ಇಟ್ಕೊಂಡು ಏನ್ಮಾಡೋದು" ಅಂತ ತಮ್ಮ ಅಂದನಂತೆ. ದಯವಿಟ್ಟು ಕೊಡಬೇಡಿ ಅಪ್ಪ. ಎಲ್ಲವನ್ನೂ ಇಟ್ಟುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಯಾವುದು ಉಳಿಯಬೇಕು, ಯಾವುದು ಹೋದರೂ ಪರವಾಗಿಲ್ಲ ಅನ್ನುವುದರಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಫೋನಿನಲ್ಲಿ ಹೇಳಲು ಹೋದರೆ ನಡುವೆ ನೀವಿಬ್ಬರೂ ವಾದಕ್ಕೆ ನಿಲ್ಲುತ್ತೀರಿ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನಿರುವ ಈ ಊರಿಗೂ ಆ ಡಬ್ಬಕ್ಕೂ ಸಂಬಂಧ ಇದೆ, ಗೊತ್ತಾ? ಫಿಲಿಪ್ಸ್ ಕಂಪನಿ ಹುಟ್ಟಿದ್ದು ಇಲ್ಲೇ, 1891ರಲ್ಲಿ. ಕ್ಯಾಸೆಟ್ ಅವರದ್ದೇ. 1963ರಲ್ಲಿ ಅದನ್ನು ಜಗತ್ತಿಗೆ ತೋರಿಸಿದರು. ಲೂ ಓಟೆನ್ಸ್ ಅಂತ ಒಬ್ಬ ಎಂಜಿನಿಯರ್, ತನ್ನ ಕೋಟಿನ ಜೇಬಿಗೆ ಹಿಡಿಸುವಂಥ ಒಂದು ಮರದ ತುಂಡು ಮಾಡಿಸಿಕೊಂಡು, ಇಷ್ಟರೊಳಗೇ ಎಲ್ಲ ಕೂರಬೇಕು ಅಂತ ಹಟ ಹಿಡಿದರಂತೆ. ಆ ಹಟ ಇಲ್ಲದಿದ್ದರೆ ಚಿಕ್ಕಬಳ್ಳಾಪುರದ ಮೇಷ್ಟ್ರ ಸಂಬಳದಲ್ಲಿ ನಮ್ಮ ಮನೆಗೆ ಇಷ್ಟೊಂದು ಹಾಡು ಬರುತ್ತಿರಲಿಲ್ಲ. ದೊಡ್ಡ ತಟ್ಟೆ ಹಾಕಿ ಹಾಡಿಸುವ ಎಲ್‌ಪಿ ಪ್ಲೇಯರ್ ಕೊಳ್ಳುವ ಶಕ್ತಿ ಆಗ ಯಾರಿಗಿತ್ತು? ಕ್ಯಾಸೆಟ್ ಆದರೆ ನಂದಿ ಜಾತ್ರೆಯ ಅಂಗಡಿಯಲ್ಲೂ ಸಿಗುತ್ತಿತ್ತು.

ಮೊದಲು ನಿಮ್ಮ 'ನಿತ್ಯೋತ್ಸವ'. ಅದನ್ನು ಯಾರೂ ಮುಟ್ಟಕೂಡದು. 1978ರಲ್ಲಿ ಬಂದ ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಅದು ಅನ್ನುವ ಹೆಗ್ಗಳಿಕೆ ಒಂದು ಕಡೆ ಇರಲಿ. ನನಗೆ ಅದು ಬೇಕಾಗಿರುವುದು ಕೇಳುವುದಕ್ಕೆ. ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದ್ ಅವರ ಪದ್ಯಗಳಿಗೆ ರಾಗ ಹಾಕುವಾಗ ಪದ್ಯಕ್ಕೆ ಏನೂ ನೋವಾಗದ ಹಾಗೆ ಹಾಕಿದ್ದಾರೆ. ಒಂದು ಸಾಲು ಮುಗಿದ ಮೇಲೆ ಅದು ಮನಸ್ಸಿಗೆ ಇಳಿಯುವಷ್ಟು ಹೊತ್ತು ಬಿಡುತ್ತಾರೆ. ಹಾರ್ಮೋನಿಯಂ, ತಬಲ ಎಲ್ಲ ಮಾತಿನ ಹಿಂದೆ ನಿಲ್ಲುತ್ತವೆ, ಮುಂದೆ ಬರುವುದಿಲ್ಲ.

ಇನ್ನೊಂದು ಕಾರಣ ಇದೆ. ನಿಸಾರ್ ಅಹಮದ್ ನಮ್ಮ ಕಡೆಯವರು, ದೇವನಹಳ್ಳಿಯವರು. ನದಿಗಳ ಹೆಸರು ಹೇಳಿದರೆ ನಮ್ಮ ನಂದಿ ಬೆಟ್ಟದಲ್ಲಿ ಪಿನಾಕಿನಿ, ಪಾಲಾರ್, ಅರ್ಕಾವತಿ ಎಲ್ಲ ಹುಟ್ಟುತ್ತವೆ ಅನ್ನುತ್ತಾರೆ. ಆದರೆ ವರ್ಷದ ಜಾಸ್ತಿ ದಿನ ನಮ್ಮೂರಲ್ಲಿ ನದಿ ಅಂದರೆ ಮರಳು, ಜಾಲಿಗಿಡ. ಇಂಥ ಬಯಲುಸೀಮೆಯಲ್ಲಿ ಹುಟ್ಟಿದವರು ಜೋಗವನ್ನು, ತುಂಗೆಯನ್ನು ಅಷ್ಟು ಆಸೆಯಿಂದ ಹಾಡಿದ್ದಾರಲ್ಲ, ಆ ಆಸೆ ನನಗೆ ಅರ್ಥವಾಗುತ್ತದೆ. ಶಿವಮೊಗ್ಗದಲ್ಲಿ ಭೂವಿಜ್ಞಾನದ ಮೇಷ್ಟ್ರಾಗಿದ್ದಾಗ ಕಣ್ಣಾರೆ ಕಂಡ ಹಸಿರು ಅದು. ನೀರಿನ ಬೆಲೆ ಗೊತ್ತಿದ್ದವರ ಪದ್ಯ ಅದು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಈಗ ನಮ್ಮಿಬ್ಬರ ಹಳೆಯ ಜಗಳ. ಸಿ. ಅಶ್ವತ್ಥ್.

ನೀವು ಯಾವಾಗಲೂ ಅನಂತಸ್ವಾಮಿ ಪಕ್ಷ. ನಾಡಗೀತೆಗೆ ಅವರ ಧಾಟಿಯೇ ಇರಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕು ಅಂತ 2022ರಲ್ಲಿ ಸರ್ಕಾರ ಆದೇಶ ಮಾಡಿದಾಗ ನನಗೆ ಫೋನ್ ಮಾಡಿ ಹೇಳಿದಿರಿ. ಆಗಲಿ, ಆ ಧಾಟಿ ಮಕ್ಕಳೂ ಹಾಡುವಂಥದ್ದು, ನಾನೂ ಒಪ್ಪುತ್ತೇನೆ. ಆದರೆ "ಅಶ್ವತ್ಥ್ ಕೂಗ್ತಾರೆ" ಅಂತ ನೀವು ಹೇಳುವುದನ್ನು ಒಪ್ಪುವುದಿಲ್ಲ. ಅಶ್ವತ್ಥ್ ಅವರ ಶರೀಫರ ಹಾಡುಗಳ ಕ್ಯಾಸೆಟ್ಟನ್ನು ಇನ್ನೊಂದು ಸಲ ಕೇಳಿ. ಶರೀಫರು ಇದ್ದದ್ದು 1819ರಿಂದ 1889ರವರೆಗೆ. ಆ ತತ್ವಪದಗಳನ್ನು ಜನ ಹಾಡಿಕೊಂಡು ಬಂದದ್ದು ಕಟ್ಟೆಯ ಮೇಲೆ, ಗುಡಿಯ ಮುಂದೆ, ಮಠದ ಅಂಗಳದಲ್ಲಿ. ಮೈಕಿಲ್ಲ, ಏನಿಲ್ಲ. ಕೊನೆಯಲ್ಲಿ ಕೂತವನಿಗೂ ಕೇಳಬೇಕು ಅಂದರೆ ಎದೆಯಿಂದಲೇ ಎತ್ತಬೇಕು. ಕೋಡಗನನ್ನು ಕೋಳಿ ನುಂಗುವ ಆ ಪದವನ್ನು ಮೆತ್ತಗೆ ಹಾಡಿದರೆ ಅದು ಸುಮ್ನೆ ಒಗಟಾಗಿ ಉಳಿಯುತ್ತದೆ. ಅಶ್ವತ್ಥ್ ದನಿ ಎತ್ತಿದಾಗ ಅದರೊಳಗಿನ ದಿಗಿಲು, ಬೆರಗು ಹೊರಗೆ ಬರುತ್ತದೆ. ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು, ನಾಟಕಗಳಿಗೆ ಸಂಗೀತ ಕೊಟ್ಟು ಬೆಳೆದವರು ಅವರು. ಮಾತನ್ನು ಕೊನೆಯ ಸಾಲಿನವರೆಗೂ ತಲುಪಿಸುವುದು ಅವರಿಗೆ ರಂಗದಿಂದಲೇ ಬಂದದ್ದು.

ಶರೀಫರ ಪದಗಳನ್ನು ಹುಡುಕಿ, ಕ್ಯಾಸೆಟ್ಟಿನವರೆಗೆ ತಂದ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರನ್ನು ಜನ ಷರೀಫ ಭಟ್ಟರು ಅಂತಲೇ ಕರೆದರು. ಗೋವಿಂದ ಭಟ್ಟರ ಶಿಷ್ಯನಾದ ಶರೀಫರಿಗೆ ನೂರು ವರ್ಷದ ಮೇಲೆ ಇನ್ನೊಬ್ಬ ಭಟ್ಟರು ಸಿಕ್ಕರು. ಇದನ್ನು ನೆನೆದಾಗಲೆಲ್ಲ ಖುಷಿಯಾಗುತ್ತದೆ.

ಹಾಗೆಂದು ಅಶ್ವತ್ಥ್ ಎಲ್ಲ ಕಡೆ ದನಿ ಎತ್ತುತ್ತಾರೆ ಅನ್ನುವುದೂ ಸರಿಯಲ್ಲ. 'ಮೈಸೂರು ಮಲ್ಲಿಗೆ' ಕೇಳಿ. ಪುಸ್ತಕ ಬಂದದ್ದು 1942ರಲ್ಲಿ, ಗಂಡ ಹೆಂಡತಿ ಮನೆಯೊಳಗೆ ಆಡುವ ಮಾತು. ಅಲ್ಲಿ ಅವರ ರಾಗಗಳು ಪಕ್ಕದ ಕೋಣೆಗೆ ಕೇಳದಷ್ಟು ಮೃದು. ಕವಿ ಯಾರು, ಮಾತು ಎಲ್ಲಿ ನಡೆಯುತ್ತಿದೆ ಅನ್ನುವುದನ್ನು ನೋಡಿ ದನಿ ಇಳಿಸುತ್ತಾರೆ, ಏರಿಸುತ್ತಾರೆ. ಅಮ್ಮನಿಗೆ ಆ ಕ್ಯಾಸೆಟ್ ಪ್ರಾಣ. ಕೆ.ಎಸ್. ನರಸಿಂಹಸ್ವಾಮಿಯವರ ಹೆಂಡತಿ ಪದ್ಯಗಳಲ್ಲಿ ನೀವು ಒಂದನ್ನಾದರೂ ಅಮ್ಮನಿಗೆ ಹಾಡಿ ತೋರಿಸಿದ್ದೀರಾ ಅಪ್ಪ? ಸುಮ್ನೆ ಕೇಳಿದೆ.

'ನಾಗಮಂಡಲ' ಕೂಡ ಇರಲಿ. 1997ರ ಸಿನಿಮಾ, ಅದಕ್ಕೂ ಅಶ್ವತ್ಥ್ ಸಂಗೀತ. ಸಂಗೀತಾ ಕಟ್ಟಿಯವರ ದನಿಯಲ್ಲಿ ಉತ್ತರ ಕರ್ನಾಟಕದ ಮಾತು ಎಷ್ಟು ಸಲೀಸಾಗಿ ಬರುತ್ತದೆ! ಸಿನಿಮಾ ಹಾಡಾಗಿಯೂ ಹಳ್ಳಿಯ ಹಾಡು ಅನ್ನಿಸುವುದು ಅಪರೂಪ.

ಇನ್ನು ನನಗೆ ಹಿಡಿಸದವು. ಇದರಲ್ಲಿ ಅಮ್ಮನಿಗೆ ಬೇಜಾರಾಗಬಹುದು. 'ಪ್ರೇಮಲೋಕ' ನನಗೆ ಇಷ್ಟವಿಲ್ಲ. 1987ರಲ್ಲಿ ಊರೂರೇ ಅದನ್ನು ಹಾಡಿತು, ಬಸ್ಸಿನಲ್ಲಿ, ಹೋಟೆಲಿನಲ್ಲಿ, ಮದುವೆ ಮನೆಯಲ್ಲಿ ಅದೇ. ಹಂಸಲೇಖ ಮಾತನ್ನೂ ರಾಗವನ್ನೂ ತಾವೇ ಕಟ್ಟಿ, ಮಾತುಕತೆಯನ್ನೇ ಹಾಡು ಮಾಡಿದರು. ಅದು ಹೊಸದು, ಅದಕ್ಕೆ ಗೌರವ ಇದೆ. ಆದರೆ ಎಲೆಕ್ಟ್ರಾನಿಕ್ ಡ್ರಮ್ಮಿನ ಪೆಟ್ಟು ಒಂದು ಗಳಿಗೆಯೂ ಬಿಡುವುದಿಲ್ಲ. ಇಡೀ ಕ್ಯಾಸೆಟ್ ಒಟ್ಟಿಗೆ ಕೇಳಿದರೆ ನನಗೆ ತಲೆ ಭಾರವಾಗುತ್ತದೆ. ಅದೇ ಹಂಸಲೇಖ 1993ರ 'ಆಕಸ್ಮಿಕ'ದಲ್ಲಿ ರಾಜಕುಮಾರ್ ಅವರಿಗೆ ಮಾಡಿದ ಹಾಡುಗಳನ್ನು ಕೇಳಿ, ಎಷ್ಟು ಜಾಗ ಬಿಟ್ಟಿದ್ದಾರೆ! ಅಂಥ ದೊಡ್ಡ ದನಿ ಇದ್ದಾಗ ವಾದ್ಯಗಳು ತಾವಾಗಿಯೇ ದಾರಿ ಕೊಡುತ್ತವೆ. 'ಆಕಸ್ಮಿಕ' ಉಳಿಸಿ. 'ಪ್ರೇಮಲೋಕ' ಅಮ್ಮನ ಬೀರುವಿನಲ್ಲಿ ಇರಲಿ, ಅದು ಅವಳ ಆಸ್ತಿ.

ತಮ್ಮನ 'ಮುಂಗಾರು ಮಳೆ' ಬಗ್ಗೆ ನನ್ನ ಮಾತು ಎರಡು ಥರ. 2006ರ ಕೊನೆಯಲ್ಲಿ ಆ ಸಿನಿಮಾ ಬಂದಾಗ ಮನೋಮೂರ್ತಿಯವರ ರಾಗ, ಜಯಂತ ಕಾಯ್ಕಿಣಿಯವರ ಮಾತು ಸೇರಿ ಕನ್ನಡ ಸಿನಿಮಾ ಹಾಡಿಗೆ ಮತ್ತೆ ಕವಿತೆ ಬಂತು. 'ಅನಿಸುತಿದೆ ಯಾಕೋ ಇಂದು' ಈಗಲೂ ಕೇಳುತ್ತೇನೆ. ನನ್ನ ಸಿಟ್ಟು ಆಮೇಲೆ ಬಂದವುಗಳ ಮೇಲೆ. ಅದೇ ಗಿಟಾರ್, ಅದೇ ಮಳೆ, ಕನ್ನಡ ಬಾರದ ಗಾಯಕರ ಬಾಯಲ್ಲಿ ಳಕಾರವೆಲ್ಲ ಲಕಾರ. ಸೋನು ನಿಗಮ್ ಆ ಹಾಡುಗಳನ್ನು ಎಷ್ಟು ಅಚ್ಚುಕಟ್ಟಾಗಿ ಹಾಡಿದ್ದಾರೆ. ಅವರನ್ನು ನೋಡಿ ಉಳಿದವರು ಹೊರಗಿನ ದನಿಯನ್ನು ಮಾತ್ರ ತಂದರು, ಆ ಕಾಳಜಿಯನ್ನು ತರಲಿಲ್ಲ. ಅಂಥ ಸೀಡಿಗಳು ಡಬ್ಬದ ತಳದಲ್ಲಿ ತುಂಬ ಇವೆ. ಅವನ್ನು ಧಾರಾಳವಾಗಿ ಗುಜರಿಗೆ ಕೊಡಿ.

ಎಲ್ಲಕ್ಕಿಂತ ಹೆಚ್ಚು ನೋವಾಗುವುದು ಭಾವಗೀತೆಗಳನ್ನು "ಹೊಸ ಶೈಲಿ" ಅಂತ ಮತ್ತೆ ಹಾಡಿಸಿದ ಸೀಡಿಗಳಿಂದ. ಹೆಸರು ಬೇಡ. ದೊಡ್ಡಪ್ಪನ ಮನೆಯಲ್ಲಿ ಒಂದು ಹಾಕಿದ್ದರಲ್ಲ, ನೆನಪಿದೆಯಾ? ನಾಲ್ಕು ಚರಣದ ಪದ್ಯದಲ್ಲಿ ಎರಡು ಚರಣ ತೆಗೆದುಹಾಕಿ, ಆ ಜಾಗಕ್ಕೆ ಕೀಬೋರ್ಡು ತುಂಬಿದ್ದಾರೆ. ಕವಿ ಮೂರನೇ ಚರಣದಲ್ಲಿ ಮಾತನ್ನು ತಿರುಗಿಸಿರುತ್ತಾನೆ, ಮೊದಲು ಹೇಳಿದ್ದಕ್ಕೆ ಅಲ್ಲಿ ಅರ್ಥ ಬಂದಿರುತ್ತದೆ. ಅದನ್ನೇ ಕತ್ತರಿಸಿದರೆ ಉಳಿಯುವುದೇನು? ಕಡಲೆಕಾಯಿ ತಿಂದು ಸಿಪ್ಪೆಯನ್ನು ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಪುಸ್ತಕ ಓದದ ಮಕ್ಕಳು ಅಷ್ಟೇ ಪದ್ಯ ಅಂದುಕೊಂಡು ಬೆಳೆಯುತ್ತಾರೆ.

ಆದರೆ ಹೊಸತನದ ಮೇಲೆ ನನಗೆ ದ್ವೇಷ ಇಲ್ಲ. ರಘು ದೀಕ್ಷಿತ್ ಅವರ 2008ರ ಆಲ್ಬಮ್ ತಮ್ಮನ ಹತ್ತಿರ ಇದೆ. ಅದರಲ್ಲಿ ಶರೀಫರ 'ಸೋರುತಿಹುದು' ಇದೆ, 'ಗುಡುಗುಡಿಯ ಸೇದಿ ನೋಡೊ' ಇದೆ. ಗಿಟಾರ್ ಇದೆ, ಡ್ರಮ್ ಇದೆ. ಆದರೂ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳುತ್ತದೆ. ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಡಚ್ ಗೆಳತಿಗೆ ಕೇಳಿಸಿದೆ. ಮಾತು ತಿಳಿಯದಿದ್ದರೂ ಇದು ಮಾಳಿಗೆ ಸೋರುವವನ ಗೋಳು ಅಂತ ಹೇಳಿದಾಗ, ಹಾಡಿನ ಓಟ ಅವಳಿಗೆ ಹಿಡಿಸಿತು, ಮತ್ತೆ ಹಾಕು ಅಂದಳು. ಅಶ್ವತ್ಥ್ ಹಾಡಿದ್ದನ್ನೂ ಕೇಳಿಸಿದೆ. ಅವಳಿಗೆ ಅದೇ ಹೆಚ್ಚು ಇಷ್ಟವಾಯಿತು ಅಪ್ಪ. ಇದನ್ನು ನೀವು ಗಮನಿಸಬೇಕು.

ಅಜ್ಜಿಯ ಕೈವಾರದ ಕ್ಯಾಸೆಟ್ಟುಗಳಿಗೆ ಬೇರೆಯೇ ಡಬ್ಬ ಮಾಡಿ. ಗುರುಪೂರ್ಣಿಮೆಗೆ ಕೈವಾರದಲ್ಲಿ 72 ಗಂಟೆ ಬಿಡದೆ ಸಂಗೀತ ನಡೆಯುತ್ತದಲ್ಲ, ಅಲ್ಲಿಂದ ದೊಡ್ಡಪ್ಪ ಖಾಲಿ ಕ್ಯಾಸೆಟ್ಟಿನಲ್ಲಿ ತುಂಬಿಸಿಕೊಂಡು ಬಂದವು ಅವು. ಕೈವಾರದ ಯೋಗಿ ನಾರೇಯಣ ತಾತಯ್ಯನವರ ಪದಗಳು ತೆಲುಗಿನಲ್ಲಿ ಕೆಲವು, ಕನ್ನಡದಲ್ಲಿ ಕೆಲವು. ನಮ್ಮ ಮನೆಯ ಮಾತೂ ಹಾಗೇ ಅಲ್ವಾ? ಅಜ್ಜಿ ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಊಟಕ್ಕೆ ಕರೆಯುತ್ತಾರೆ. ಹಳ್ಳಿಯ ಭಜನೆ ತಂಡದವರ ದನಿ, ನಡುವೆ ಯಾರೋ ಕೆಮ್ಮುವುದು, ತಾಳ ತಪ್ಪಿ ಮತ್ತೆ ಸೇರುವುದು ಎಲ್ಲ ಅದರಲ್ಲಿದೆ. ಅದು ಯಾವ ಫೋನಿನಲ್ಲೂ ಸಿಗುವುದಿಲ್ಲ. ತಮ್ಮನಿಗೆ ಇದೊಂದನ್ನು ಒತ್ತಿ ಹೇಳಿ.

ಈಗ ಅವನಿಗೆ ಕೆಲಸ. ಕ್ಯಾಸೆಟ್ಟಿನ ಟೇಪಿನ ಮೇಲೆ ಬಿಳಿ ಬೂಸ್ಟು ಕಂಡರೆ ಹಾಕಬೇಡ ಅನ್ನಿ, ರೆಕಾರ್ಡರಿನೊಳಗೆ ಟೇಪಿಗೆ ತಾಗುವ ಹೆಡ್ ಹಾಳಾಗುತ್ತದೆ, ಬೂಸ್ಟು ಬೇರೆ ಕ್ಯಾಸೆಟ್ಟಿಗೂ ಹತ್ತುತ್ತದೆ. ಅವನ್ನು ಬೇರೆ ಎತ್ತಿಡಲಿ. ಉಳಿದವನ್ನು ಹಾಡಿಸುವ ಮೊದಲು ಒಂದು ಸಲ ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಬೇಕು, ವರ್ಷಗಟ್ಟಲೆ ಕೂತ ಟೇಪು ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಹೆಡ್ಡನ್ನು ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಲಿ. ದೊಡ್ಡಪ್ಪ ತುಂಬಿಸಿದ ಕ್ಯಾಸೆಟ್ಟುಗಳ ಮೇಲಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಡಲಿ, ಆಮೇಲೆ ಯಾರಾದರೂ ರೆಕಾರ್ಡ್ ಬಟನ್ ಒತ್ತಲು ಹೋದರೂ ಅಳಿಸಿಹೋಗುವುದಿಲ್ಲ. ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರ್ ಕೊಟ್ಟು, ಒಂದು ಸೈಡಿಗೆ ಒಂದೇ ಫೈಲ್ ಮಾಡಲಿ. ಹಾಡು ಹಾಡಾಗಿ ಕತ್ತರಿಸುವುದು ಬೇಡ. ಎ ಸೈಡಿನ ಕೊನೆಗೆ ಯಾವ ಹಾಡು ಇರಬೇಕು, ತಿರುಗಿಸಿ ಹಾಕಿದಾಗ ಯಾವುದು ಮೊದಲು ಕೇಳಬೇಕು ಅಂತ ಮಾಡಿದವರು ಯೋಚಿಸಿಯೇ ಇಟ್ಟಿರುತ್ತಾರೆ. ಫೋನಿನಲ್ಲಿ ಅದೇ ಹಾಡುಗಳು ಕಲಸಿಹೋಗಿ ಬರುತ್ತವೆ, ನಿಸಾರ್ ಆದ ಮೇಲೆ ಯಾವುದೋ ಐಟಂ ಹಾಡು. ಹಾಗೆ ಕೇಳಿದರೆ ನನಗೆ ಸಹಿಸುವುದಕ್ಕೇ ಆಗುವುದಿಲ್ಲ.

ಆಮೇಲೆ ಎಲ್ಲವನ್ನೂ ನಿಲ್ಲಿಸಿ ಜೋಡಿಸಿ, ಸ್ಪೀಕರಿನಿಂದ ದೂರ ಇಡಿ. ಅದರಲ್ಲಿ ಅಯಸ್ಕಾಂತ ಇರುತ್ತದೆ. ಅಟ್ಟದ ಮೇಲೆ ಮಾತ್ರ ಬೇಡ, ಅಲ್ಲಿ ಬೇಸಿಗೆಯಲ್ಲಿ ಹಂಚು ಕಾದು ಒಳಗೆಲ್ಲ ಬಿಸಿ. ನನ್ನ ಕೋಣೆಯ ಗೋಡೆ ಬೀರು ಖಾಲಿ ಇದೆಯಲ್ಲ, ಅಲ್ಲೇ ಇಡಿ.

ಅಜ್ಜಿಗೆ ನಮಸ್ಕಾರ ತಿಳಿಸಿ. ನಿಮ್ಮ ಸಕ್ಕರೆ ಪರೀಕ್ಷೆಯ ಫಲಿತಾಂಶ ಬಂದ ತಕ್ಷಣ ತಮ್ಮನ ಕೈಲಿ ಫೋಟೋ ಕಳಿಸಿ. ಶರೀಫರ ಕ್ಯಾಸೆಟ್ ಕೇಳಿದ ಮೇಲೆ ಅಶ್ವತ್ಥ್ ಬಗ್ಗೆ ಏನನ್ನಿಸಿತು ಅಂತ ಬರೆಯಿರಿ, ಒಪ್ಪದಿದ್ದರೂ ಬರೆಯಿರಿ.

ಇಂತಿ ನಿಮ್ಮ ಪ್ರೀತಿಯ
ಮಗಳು